ಕೇಳಸ್ತೈತೇನ?

ನಮ್ಮ ಅವ್ವ ಮತ್ತು ಅವಳ ತಂಗಿ, ಅಂದರೆ ನನ್ನ ಚಿಗವ್ವ, ಹದಿನೈದು ವರ್ಷದಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತಾರೆ. ಮಾತು ಅಂದರೆ ಇಷ್ಟು:

"ಹಲೋ, ಕೇಳಸ್ತೈತೇನ?"

"ಕೇಳಸ್ತೈತಿ. ನಿನಗ ಕೇಳಸ್ತೈತೇನ?"

"ನನಗ ಕೇಳಸ್ತೈತಿ. ನಿನಗ?"

"ಹಲೋ?"

"ಅಕ್ಕಾ? ಹಲೋ?"

ಕಟ್. ಅವ್ವ ಫೋನನ್ನು ಸೆರಗಿನಿಂದ ಒರೆಸಿ, ದೇವರ ಜಗಲಿಯ ಅಂಚಿಗೆ ಇಟ್ಟು, "ಆರಾಮ ಅದಾಳ" ಎಂದು ಮನೆಗೆಲ್ಲ ವರದಿ ಒಪ್ಪಿಸುತ್ತಾಳೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಲೆಕ್ಕ ಬಿಡಿಸಿದ್ದನ್ನು ತೋರಿಸದೆ ಉತ್ತರವನ್ನಷ್ಟೇ ಬರೆದ ಹುಡುಗರಿಗೆ ಸೊನ್ನೆ ಸುತ್ತಿದವನು. ಈ "ಆರಾಮ ಅದಾಳ" ಎಂಬ ಉತ್ತರ ಯಾವ ದಾರಿಯಿಂದ ಬಂತು ಎಂದು ಒಮ್ಮೆ ಕೇಳಿದೆ. "ಹಲೋ ಅಂದಾಳಲ್ಲ, ಮತ್ತೇನ ಬೇಕು?" ಎಂದಳು. ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಹೆಂಡತಿ ನನ್ನನ್ನು ಮನೆಯೊಳಗಿನ ಅಡಚಣೆಗಳ ಪಟ್ಟಿಗೆ ಸೇರಿಸುವ ಮೊದಲು ಏನಾದರೊಂದು ಉದ್ಯೋಗ ಹಿಡಿಯಬೇಕಿತ್ತು. ಈ ಇಬ್ಬರು ಮುದುಕಿಯರನ್ನು "ಕೇಳಸ್ತೈತೇನ" ದಾಟಿಸಿ ಎರಡನೆಯ ವಾಕ್ಯಕ್ಕೆ ಮುಟ್ಟಿಸುವಂಥ, ಕಡಿಮೆ ಖರ್ಚಿನ ಸಿಮ್ ಒಂದನ್ನು ಹುಡುಕುವೆನೆಂದು ಮನೆಮಂದಿಯ ಎದುರು ಸಾರಿಬಿಟ್ಟೆ.

ತೊಡಕು ನಮ್ಮ ಕಡೆಯದಲ್ಲ. ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಅಳತೆಪಟ್ಟಿ ಇಟ್ಟು ಗೆರೆ ಹೊಡೆದು ಮಾಡಿದ ಊರು. ಓಣಿಗಳಿಗೆ ಹೆಸರಿನ ಬದಲು ಸೆಕ್ಟರ್ ನಂಬರು. ಮನೆಗಳ ನಡುವೆ ಖಾಲಿ ಜಾಗ, ಜಾಗದ ಮುಂದೆ ಅಗಲ ರಸ್ತೆ, ಅಲ್ಲಲ್ಲಿ ಟಾವರು. ಯಾವ ಸಿಮ್ ಹಾಕಿದರೂ ನಾಲ್ಕು ಕಡ್ಡಿ ಎದ್ದು ನಿಲ್ಲುತ್ತವೆ. ಹಳೇ ಊರಿನಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ನಮ್ಮ ಹಳೇ ಮನೆಯಲ್ಲಿ, ಫೋನು ಇರಲಿಲ್ಲ. ಒಂದೇ ಗೋಡೆಗೆ ಎರಡು ಮನೆ. ಆಚೆಯ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಈಚೆಗೆ ಕೇಳುತ್ತಿತ್ತು. ಅವ್ವ ತನ್ನ ರೊಟ್ಟಿಯ ನಡುವೆ ಅವರ ರೊಟ್ಟಿಯನ್ನೂ ಎಣಿಸುತ್ತಿದ್ದಳು. "ಇವತ್ತ ಹದಿನಾರ ಆದ್ವು, ಬೀಗರ ಬಂದಿರಬೇಕು" ಎನ್ನುವಳು. ನೋಡಿದರೆ ಬೀಗರ ಚಪ್ಪಲಿ ಹೊಸ್ತಿಲ ಹೊರಗೆ ಇದ್ದೇ ಇರುತ್ತಿದ್ದವು. ಒಂದು ದಿನ ಸಪ್ಪಳ ಬರದಿದ್ದರೆ ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ಬಡಿಯುವಳು. ನವನಗರಕ್ಕೆ ಬಂದ ಹೊಸತರಲ್ಲಿ ಅವಳಿಗೆ ಎಷ್ಟೋ ರಾತ್ರಿ ನಿದ್ದೆ ಹತ್ತಲಿಲ್ಲ. "ಈ ಮನಿ ಗ್ವಾಡಿ ಮೂಕ ಅದಾವ" ಎನ್ನುತ್ತಿದ್ದಳು. ಸಿಮೆಂಟಿನ ಗುಣಮಟ್ಟದ ಮೇಲೆ ದೂರು ಹೇಳುತ್ತಿದ್ದಾಳೆಂದು ನಾನು ತಿಳಿದಿದ್ದೆ.

ತೊಡಕು ಚಿಗವ್ವನ ಕಡೆ. ಪಟ್ಟದಕಲ್ಲಿನಿಂದ ಇನ್ನಷ್ಟು ಆಚೆ, ಮಲಪ್ರಭೆಯ ದಂಡೆಯ ಹಳ್ಳಿ. ಹಿಂದೆ ಗುಡ್ಡ, ಮುಂದೆ ಹೊಳೆ, ನಡುವೆ ಎರಡು ಮೊಳ ದಪ್ಪದ ಕಲ್ಲುಗೋಡೆಯ ಮಾಳಿಗೆ ಮನೆ, ಮೇಲೆ ಮಣ್ಣು. ಬೇಸಿಗೆಯಲ್ಲಿ ಬಿಸಿಲು ಒಳಗೆ ಬರುವುದಿಲ್ಲ, ಯಾವ ಕಾಲದಲ್ಲೂ ರೇಂಜು ಒಳಗೆ ಬರುವುದಿಲ್ಲ. ಕೈಯಲ್ಲೊಂದು ಡಬ್ಬಾ ಸೆಟ್ಟು. ಮಗ ದುಡಿಯಲು ಗೋವಾಕ್ಕೆ ಹೋಗಿದ್ದಾನೆ. ನಮ್ಮಲ್ಲಿಗೇ ಬಂದು ಇರು ಎಂದರೆ "ಎಮ್ಮಿ ಯಾರ ನೋಡ್ತಾರ?" ಎನ್ನುತ್ತಾಳೆ. ಎಮ್ಮೆ ಮಾರಿ ನಾಲ್ಕು ವರ್ಷವಾಯಿತು. ಪ್ರಶ್ನೆಯನ್ನು ಮಾತ್ರ ಇಟ್ಟುಕೊಂಡಿದ್ದಾಳೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದಾಗ ಮೂರು ದಿನ ಚಿಗವ್ವನ ಫೋನು ಹತ್ತಲಿಲ್ಲ. ಟಾವರು ಅಂದರೆ ಏನೆಂಬುದು ನನಗೆ ಅವತ್ತು ತಿಳಿಯಿತು. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ತೀರಿದರೆ ಡೀಸೆಲ್ಲು. ಡೀಸೆಲ್ಲು ತರುವ ದಾರಿಯೇ ನೀರಲ್ಲಿದ್ದರೆ ಟಾವರು ಕಾಗೆ ಕೂಡುವ ಕಬ್ಬಿಣದ ಕಂಬ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬೆಂಗಳೂರು ಕನ್ನಡದಲ್ಲಿ ಹೇಳುವ ಆ ಹೆಣ್ಣುಮಗಳಿಗೆ ಅವ್ವ ಮೂರು ದಿನವೂ ಜವಾಬು ಕೊಟ್ಟಳು: "ಹೊರಗ ಎಲ್ಲಿ ಹೋಗ್ತಾಳ ನಮ್ಮವ್ವಾ, ಮುದುಕಿ? ಒಳಗ ಅದಾಳ, ಇನ್ನೊಮ್ಮೆ ನೋಡು ಬಾಳಾ." ನಾಲ್ಕನೆಯ ದಿನ ಗಂಜಿ ಕೇಂದ್ರದಿಂದ ಯಾರದೋ ಫೋನಿನಲ್ಲಿ ಚಿಗವ್ವನ ದನಿ ಬಂತು. "ಅಕ್ಕಾ, ಕೇಳಸ್ತೈತೇನ?" ಅವ್ವನಿಗೆ "ಕೇಳಸ್ತೈತಿ" ಎನ್ನಲು ಬಹಳ ಹೊತ್ತು ಹಿಡಿಯಿತು.

ಇನ್ನು ರೊಕ್ಕದ ಲೆಕ್ಕ. 2024ರ ಜುಲೈ ಮೊದಲ ವಾರ ಮೂರು ದೊಡ್ಡ ಖಾಸಗಿ ಕಂಪನಿಗಳು ಒಂದೇ ಜಾತಕ ನೋಡಿಸಿದಂತೆ ದಿನದ ಅಂತರದಲ್ಲಿ ದರ ಏರಿಸಿದವು. 179 ರೂಪಾಯಿಗೆ ಸಿಗುತ್ತಿದ್ದ ಕರೆನ್ಸಿ 199 ಆಯಿತು. (ಉಳಿದವರಿಗೆ ಕರೆನ್ಸಿ ಅಂದರೆ ಡಾಲರು, ಪೌಂಡು. ನಮಗೆ ಅದು ಫೋನಿನ ಉಸಿರು. "ಕರೆನ್ಸಿ ತೀರೈತಿ" ಎಂದು ಕೋಟ್ಯಧೀಶನೂ ಅಳುತ್ತಾನೆ.) ಮನೆಯಲ್ಲಿ ಐದು ಫೋನು. ಮೇಲಾಗಿ ಅವರ ತಿಂಗಳಿಗೆ ಇಪ್ಪತ್ತೆಂಟೇ ದಿನ. ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ ಹನ್ನೆರಡು ಸಲ ಎಂದುಕೊಂಡವನು ಹದಿಮೂರು ಸಲ ತುಂಬುತ್ತಾನೆ. ಪಂಚಾಂಗದವರು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ತಂದರೆ ಅಳಿಯನಿಗೆ ಬಾಗಿನ ಕೊಟ್ಟು ಸುಸ್ತಾಗುತ್ತೇವೆ; ಇವರು ವರ್ಷಾ ವರ್ಷಾ ಅಧಿಕ ಮಾಸ ತಂದರೂ ಯಾರಿಗೂ ಗೊತ್ತಾಗುವುದಿಲ್ಲ. 2022ರಲ್ಲಿ ಫೋನ್ ಕಂಪನಿಗಳ ಲಗಾಮು ಹಿಡಿದ ಟ್ರಾಯ್ ಸಂಸ್ಥೆ ಮೂವತ್ತು ದಿನದ ಪ್ಯಾಕ್ ಒಂದನ್ನಾದರೂ ಇಡಿರೆಂದು ಹೇಳಿತು. ಇಟ್ಟಿದ್ದಾರೆ, ಕಿರಾಣಿ ಅಂಗಡಿಯಲ್ಲಿ ಒಳ್ಳೇ ಬೆಲ್ಲ ಇಟ್ಟ ಹಾಗೆ. ಕೇಳಿದವರಿಗೆ ಮಾತ್ರ ಒಳಗಿನಿಂದ ಬರುತ್ತದೆ.

ಅಗ್ಗದ ಆಸೆಗೆ ನಾನು ಮೊದಲೊಮ್ಮೆ ಬಿದ್ದದ್ದು 2006ರಲ್ಲಿ. ಒಂಬೈನೂರಾ ತೊಂಬತ್ತೊಂಬತ್ತು ರೂಪಾಯಿ ಒಮ್ಮೆ ಕೊಟ್ಟರೆ ಸಾಕು, ಒಳಬರುವ ಕರೆ ಲೈಫ್‌ಟೈಮ್ ಎಂದು ಆಗ ಎಲ್ಲೆಲ್ಲೂ ಬೋರ್ಡು. ಅವ್ವನಿಗೆ ಒಂದು ಕೊಡಿಸಿದೆ. ಅಂಗಡಿಯವನು "ಸಾಯೂತನಕ ಚಿಂತಿಲ್ರಿ" ಎಂದ. ಯಾರು ಸಾಯುವ ತನಕ ಎಂದು ನಾನು ಕೇಳಬೇಕಿತ್ತು. ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಆ ಕಂಪನಿ ತೀರಿಕೊಂಡಿತು. ಈ ಉದ್ದಿಮೆಯ ಚರಿತ್ರೆಯನ್ನು ಅವ್ವನಿಗೆ ತಿಳಿಸುವುದು ಕಷ್ಟವೇನಲ್ಲ, ಅದು ಪೂರ್ತಿ ಬೀಗತನದ ಕತೆ. ಹಚ್ 2007ರಲ್ಲಿ ಹೆಸರು ಬದಲಿಸಿಕೊಂಡು ವೊಡಾಫೋನ್ ಆಯಿತು. ಸ್ಪೈಸ್ 2008ರಲ್ಲಿ ಐಡಿಯಾದ ಮನೆ ಸೇರಿತು. 2018ರಲ್ಲಿ ವೊಡಾಫೋನಿಗೂ ಐಡಿಯಾಕ್ಕೂ ಲಗ್ನ, 2020ರಲ್ಲಿ ಇಬ್ಬರ ಮೊದಲಕ್ಷರ ಕೂಡಿಸಿ ಹೊಸ ಹೆಸರು. ಅವ್ವ ಎಲ್ಲವನ್ನೂ ಕೇಳಿ, "ಕೊಟ್ಟು ತಂದ ಮನಿ ಅನ್ನು" ಎಂದಳು.

ನನ್ನ ಸಂಶೋಧನೆ ಶುರುವಾದದ್ದು ನಮ್ಮ ಸೆಕ್ಟರಿನ ಮೊಬೈಲ್ ಅಂಗಡಿಯಲ್ಲಿ. ಅಂಗಡಿಯ ಹುಡುಗ ನನ್ನ ವಿದ್ಯಾರ್ಥಿ. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ನಪಾಸಾಗಿ, ಈಗ ಕಂಪನಿಗಳ ದರಪಟ್ಟಿಯನ್ನು ಹದಿನೇಳರ ಮಗ್ಗಿಯಂತೆ ಒಪ್ಪಿಸುತ್ತಾನೆ.

"ಸರ್, ನಿಮಗ ರೇಂಜ್ ಬೇಕೋ, ರೇಟ್ ಬೇಕೋ?"

"ಎರಡೂ ಬೇಕು."

"ಎರಡೂ ಬೇಕಂದ್ರ ಟಾವರ್ ಬುಡಕ್ಕ ಮನಿ ಕಟ್ಟಸ್ಬೇಕ್ರಿ."

ಆಮೇಲೆ ಕುರ್ಚಿ ಎಳೆದುಕೊಟ್ಟು ಪಾಠ ಮಾಡಿದ. ಮುದುಕಿಗೆ ನೆಟ್ ಬೇಕಿಲ್ಲ ಎಂದಾದರೆ ಬರೀ ಮಾತಿನ ಪ್ಯಾಕ್ ಕೇಳಬೇಕು; 2024ರ ಡಿಸೆಂಬರಿನಲ್ಲಿ ಟ್ರಾಯ್ ಹಾಗೊಂದು ಪ್ಯಾಕ್ ಇಡಲೇಬೇಕೆಂದು ನಿಯಮ ಮಾಡಿದೆ. ಡಬ್ಬಾ ಸೆಟ್ಟು 2ಜಿಯದು ಎಂದಾದರೆ 4ಜಿ ಮಾತ್ರ ಇರುವ ಸಿಮ್ ಅದರಲ್ಲಿ ಜೀವ ಹಿಡಿಯುವುದಿಲ್ಲ. ಮತ್ತೆ, ಟಾವರಿನ ಅಲೆಗಳಲ್ಲೂ ದಪ್ಪ ದನಿ, ಸಣ್ಣ ದನಿ ಎಂದು ಇವೆ. 900 ಮೆಗಾಹರ್ಟ್ಸಿನ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ. 2300ರದು ನೆಟ್ಟಿಗೆ ಜೋರು, ಗೋಡೆ ಕಂಡರೆ ಹೆದರುತ್ತದೆ. "ಜಾತ್ರ್ಯಾಗ ನೋಡ್ರಿ ಸರ್, ಡೊಳ್ಳು ಮುಂದಿನ ಊರಿಗೂ ಕೇಳತೈತಿ, ತಾಳ ಗುಡಿ ದಾಟೂದಿಲ್ಲ." ಪಾಸಾಗಲು ಮೂವತ್ತೈದು ಬೇಕಿದ್ದ ಕಡೆ ಈ ಹುಡುಗನಿಗೆ ನಾನು ಇಪ್ಪತ್ತೆಂಟು ಕೊಟ್ಟಿದ್ದೆ. ಇಪ್ಪತ್ತೆಂಟು! ಆ ಸಂಖ್ಯೆಯ ಸೇಡನ್ನು ಅವನು ಈಗ ತಿಂಗಳಾ ತಿಂಗಳಾ ತೀರಿಸಿಕೊಳ್ಳುತ್ತಿದ್ದಾನೆ.

"ನಂಬರ್ ಪೋರ್ಟ್ ಮಾಡಸ್ರಿ. ಪೋರ್ಟ್ ಅಂತ ಬರದು, ಮುಂದ ನಂಬರ್ ಹಾಕಿ, 1900ಕ್ಕ ಮೆಸೇಜ್ ಬಿಟ್ಟರಾತು" ಎಂದೂ ಹೇಳಿದ. ಪೋರ್ಟ್ ಅಂದರೇನೆಂದು ಮನೆಯಲ್ಲಿ ಅವ್ವ ಕೇಳಿದಳು. ನಂಬರು ಅದೇ ಇರುತ್ತದೆ, ಒಳಗಿನ ಕಂಪನಿ ಬೇರೆ ಆಗುತ್ತದೆ ಎಂದೆ.

"ಅಂದ್ರ ನಮ್ಮ ಬಾಗಲಕೋಟಿ ಮಾಡಿದ್ರಲ್ಲ, ಹಂಗ."

ನಾನು ಚಹಾ ಬಸಿ ಕೆಳಗಿಟ್ಟೆ. ದೇಶಕ್ಕೆಲ್ಲ 2011ರ ಜನವರಿ 20ರಂದು ಸಿಕ್ಕ ಸವಲತ್ತು ನಮ್ಮೂರಿಗೆ ಮೊದಲೇ ದಕ್ಕಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿಯ ಆಣೆಕಟ್ಟು ಏರುತ್ತ ಏರುತ್ತ ನಮ್ಮನ್ನು ಎಬ್ಬಿಸಿತು. ಹೆಸರು ಹಾಗೇ ಉಳಿಯಿತು, ಅಡಿಯ ನೆಲ ಬೇರೆಯಾಯಿತು. ಕಿಲ್ಲಾದ ಮನೆ, ಹಳಪೇಟೆಯ ಮನೆ, ಜೈನಪೇಟೆಯ ಮನೆ ಎಲ್ಲ ಸೆಕ್ಟರುಗಳಿಗೆ ಪೋರ್ಟ್ ಆದವು. ಆದರೆ ಹೋಳಿ ಬಂದರೆ ಜನ ಇನ್ನೂ ಹಳೇ ಓಣಿಗಳ ಹೆಸರಿನಲ್ಲೇ ಬಣ್ಣಕ್ಕೆ ಇಳಿಯುತ್ತಾರೆ. ಯಾವುದೋ ಹಳೇ ಸಿಮ್ ಇನ್ನೂ ಚಾಲೂ ಇದೆ.

ನಕ್ಷೆಯ ವಿಷಯದಲ್ಲಂತೂ ಬಾಗಲಕೋಟೆಯವರಿಗೆ ಟೊಪ್ಪಿಗೆ ಹಾಕುವುದು ಕಷ್ಟ. ಬೇರೆ ಊರಿನ ಮಕ್ಕಳು ಕ್ರಿಕೆಟ್ ಸ್ಕೋರು ಹೇಳುವ ವಯಸ್ಸಿಗೆ ಇಲ್ಲಿಯ ಮಕ್ಕಳು 519.60 ಎನ್ನುತ್ತಾರೆ, ಆಲಮಟ್ಟಿಯ ನೀರಿನ ಮಟ್ಟ, ಮೀಟರಿನಲ್ಲಿ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ 524.256ರ ಬಗ್ಗೆ ಚಹಾದಂಗಡಿಯಲ್ಲಿ ಮೂರು ದಶಮಾಂಶದ ತನಕ ಜಗಳವಾಗುತ್ತದೆ. ಗಣಿತದ ಮಾಸ್ತರನಿಗೆ ಇದಕ್ಕಿಂತ ಸಮಾಧಾನದ ಊರು ಬೇರೆ ಇಲ್ಲ. ಇಂಥ ಊರಿನವನು ನಾನು ಕಂಪನಿಗಳ ಕವರೇಜ್ ನಕ್ಷೆ ತೆಗೆದು ನೋಡಿದೆ. ಇವನ್ನೂ ಪ್ರಕಟಿಸಲೇಬೇಕೆಂದು 2024ರ ನಿಯಮವಿದೆ. ಒಂದು ನಕ್ಷೆಯಲ್ಲಿ ಚಿಗವ್ವನ ಹಳ್ಳಿಗೆ ಸುಣ್ಣ ಬಳಿದಂತೆ ಒಂದೇ ಬಣ್ಣ. ಗುಡ್ಡದ ನೆತ್ತಿಗೂ ಅದೇ ಬಣ್ಣ, ಹೊಳೆಯ ನಡುವಿನ ಮೀನಿಗೂ 4ಜಿ. ನಮ್ಮೂರ ಮುಳುಗಡೆಯ ನಕ್ಷೆ ಹಾಕಿದ ಗೆರೆಗೆ ನೀರು ತಪ್ಪದೆ ಬಂದಿತ್ತು. ಬೇಡವಾದದ್ದು ಎಷ್ಟು ಪ್ರಾಮಾಣಿಕವಾಗಿ ಬರುತ್ತದೆ ನೋಡಿ.

ಸರಿ, ಕಾಗದ ನಂಬದೆ ಕಾಲು ನಂಬಿದೆ. ಮೂರು ಸಿಮ್ ಕೊಂಡೆ. ಒಂದು ಬೆಂಗಳೂರಿನ ಮಗ ಹೇಳಿದ್ದು, ಒಂದು ಅಳಿಯ ಹೇಳಿದ್ದು, ಒಂದು ಸೊಸೆ ಹೇಳಿದ್ದು. ಅವ್ವ ಅವಕ್ಕೆ ಅದೇ ಹೆಸರಿಟ್ಟಳು: ಮಗನ ಸಿಮ್, ಅಳಿಯನ ಸಿಮ್, ಸೊಸಿ ಸಿಮ್. ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಾಲಂ ಹೊಡೆದು, ಊರು, ಕಡ್ಡಿ, ದನಿ, ಶೇಕಡಾ ಅಂಕ ಎಂದು ಬರೆದು, ಮೊದಲು ಇಳಕಲ್ ಬಸ್ಸು ಹತ್ತಿದೆ. "ಚಿಗವ್ವ ಇರೂದು ತೆಂಕಣಕ್ಕ, ನೀವು ಮೂಡಣಕ್ಕ ಹೊಂಟೀರಲ್ಲ" ಎಂದಳು ಹೆಂಡತಿ. ಸಂಶೋಧನೆಗೆ ಹೋಲಿಕೆ ಬೇಕಾಗುತ್ತದೆ ಎಂದೆ. ಕಮತಗಿ, ಅಮೀನಗಡ, ಹುನಗುಂದ. ಅಮೀನಗಡದಲ್ಲಿ ಕರದಂಟು ಕೊಂಡೆ. ಆ ಪುಟ ಈಗಲೂ ತೆರೆಯುವುದಿಲ್ಲ. ಇಳಕಲ್ಲಿನಲ್ಲಿ ಮಗನ ಸಿಮ್ಮಿಗೆ ನೂರಕ್ಕೆ ತೊಂಬತ್ತು, ಅಳಿಯನದಕ್ಕೆ ಎಂಬತ್ತು. ಸೊಸಿ ಸಿಮ್ ನಪಾಸು. ಪರಿಚಯದ ನೇಕಾರರ ಮನೆಯಿಂದ ಅವ್ವನಿಗೆ ಫೋನು ಹಚ್ಚಿದರೆ, ಫುಲ್ ಕಡ್ಡಿ ಇದ್ದೂ, ಓಣಿಯ ಮಗ್ಗಗಳ ಸಪ್ಪಳದಲ್ಲಿ ಒಂದಕ್ಷರ ಕೇಳಲಿಲ್ಲ. "ಇಲ್ಲೆ ರೇಂಜ್ ಭರ್ತಿ ಐತ್ರಿ, ಕಿವಿಗೆ ಜಾಗಿಲ್ಲ" ಎಂದರು ಅವರು. ಹೋದದ್ದಕ್ಕೆ ಅವರು ಕೊಂಡಿ ಹಾಕುವುದನ್ನು ತೋರಿಸಿದರು: ಸೀರೆಯ ಮೈಯ ನೂಲಿನ ಕುಣಿಕೆಯೊಳಗೆ ಸೆರಗಿನ ರೇಷ್ಮೆಯ ಕುಣಿಕೆ ತೂರಿಸಿ, ಎಳೆಗೆ ಎಳೆ ಕೂಡಿಸುವುದು. ಅರ್ಧ ತಾಸು ನೋಡಿದೆ. ಒಂದು ಕೊಂಡಿಯೂ ಕಟ್ ಆಗಲಿಲ್ಲ.

ಮರುವಾರ ರೈಲಿನಲ್ಲಿ ಬಾದಾಮಿ. ಗುಳೇದಗುಡ್ಡ ರೋಡ್ ದಾಟಿ ಕೆಂಪು ಗುಡ್ಡಗಳು ಕಾಣಿಸಿಕೊಂಡಂತೆ ಕಡ್ಡಿಗಳು ಒಂದೊಂದೇ ಮಲಗಿದವು. ಚಾಲುಕ್ಯರ ಒಂದನೆಯ ಪುಲಕೇಶಿ ವೈರಿಗಳು ಒಳಗೆ ಬರಬಾರದೆಂದೇ ಈ ಗುಡ್ಡಗಳ ನಡುವೆ ಕೋಟೆ ಕಟ್ಟಿಸಿದ. ರೇಂಜು ಆ ಪಟ್ಟಿಯಲ್ಲಿ ಸೇರಿಹೋಗುತ್ತದೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಕೋಟೆಯ ಸುದ್ದಿಯನ್ನು ಅವನು ಬಂಡೆಯ ಮೇಲೆ ಕೆತ್ತಿಸಿದ್ದು ಶಕ 465ರಲ್ಲಿ, ಅಂದರೆ ಕ್ರಿಸ್ತಶಕ 543. ಆ ಮೆಸೇಜು ಇವತ್ತಿಗೂ ಓದಲು ಸಿಗುತ್ತದೆ. ವ್ಯಾಲಿಡಿಟಿ ಅಂದರೆ ಅದು.

ಅಲ್ಲಿಂದ ಬಸ್ಸು, ಬಸ್ಸಿನಿಂದ ಟಂಟಂ, ಟಂಟಂನಿಂದ ಕಾಲು. ಚಿಗವ್ವ ಹೊಸ್ತಿಲಲ್ಲೇ ಕೈಕಾಲಿಗೆ ನೀರು ಕೊಟ್ಟು, "ಫೋನಿನ ಸಂಬಂಧ ಇಷ್ಟ ದೂರ ಬಂದ್ಯಾ ನಮ್ಮಪ್ಪಾ? ಒಂದ ಫೋನ್ ಹಚ್ಚಿದ್ರ ಆಗ್ತಿರ್ಲಿಲ್ಲೇನು?" ಎಂದಳು. ಎರಡು ಕ್ಷಣ ನಾನೂ ಹೌದಲ್ಲ ಎಂದುಕೊಂಡೆ.

ಪಡಸಾಲೆಯಲ್ಲಿ ಮೂರೂ ಸಿಮ್ ಸತ್ತವು. ದನ ಕಟ್ಟುತ್ತಿದ್ದ ಜಾಗದಲ್ಲಿ ಸತ್ತವು. ಅಂಗಳದಲ್ಲಿ ಮಗನ ಸಿಮ್ ಒಮ್ಮೆ ಕಣ್ಣು ಬಿಟ್ಟು ಮುಚ್ಚಿತು. ಅಡುಗೆಮನೆಯಲ್ಲಿ ಮಾಳಿಗೆಗೆ ಒಂದು ಬೆಳಕಿಂಡಿ. ಅದರ ಕೆಳಗೆ ಹಾಲು ಮೊಸರಿನ ಗಡಿಗೆ ತೂಗಿಸುವ ನೆಲುವು, ಎಮ್ಮೆ ಹೋದ ಮೇಲೆ ಖಾಲಿ. ಓಣಿಯ ಹುಡುಗನೊಬ್ಬ ಒರಳಿನ ಮೇಲೆ ನಿಂತು ಡಬ್ಬಾ ಸೆಟ್ಟನ್ನು ನೆಲುವಿನಲ್ಲಿ ಕೂರಿಸಿದ. ಮಗನ ಸಿಮ್: ಇಲ್ಲ. ಅಳಿಯನ ಸಿಮ್: ಅರ್ಧ ಕಡ್ಡಿ, ಅದೂ ಮುನಿಸಿಕೊಂಡು. ಸೊಸಿ ಸಿಮ್ ಹಾಕಿದಾಗ ಮೂರು ಕಡ್ಡಿ ಎದ್ದು ನಿಂತವು. ಇಳಕಲ್ಲಿನಲ್ಲಿ ನಪಾಸು, ದರದಲ್ಲೂ ಎಲ್ಲಕ್ಕಿಂತ ಸೋವಿ. ಹೊಳೆಯಾಚೆಯ ದಿಬ್ಬದ ಮೇಲೆ ಅದರದೊಂದು ಟಾವರು ನಿಂತು ಈ ಬೆಳಕಿಂಡಿಯನ್ನೇ ನೋಡುತ್ತಿತ್ತಂತೆ. ಊರಿಗೆ ಬಂದು ಅಂಗಡಿಯ ಹುಡುಗನಿಗೆ ಹೇಳಿದರೆ ಅವನು ಆಶ್ಚರ್ಯಪಡಲಿಲ್ಲ. "ನಪಾಸಾದವರ ಬಗ್ಗೆ ನಿಮಗ ಮೊದಲಿಂದ್ಲೂ ಅಂದಾಜು ಕಮ್ಮಿರಿ, ಸರ್" ಎಂದ.

ಬರೀ ಮಾತಿನ ಪ್ಯಾಕ್ ಹಾಕಿಸಿದೆ. ಎಷ್ಟು ಮಾತಾಡಿದರೂ ಅಷ್ಟೇ ರೊಕ್ಕ. ಫೋನು ನೆಲುವಿನಿಂದ ಇಳಿಯಬಾರದು, ಹಸಿರು ಬಟನ್ ಒತ್ತಿದ ಮೇಲೆ ಸ್ಪೀಕರ್ ಹಚ್ಚಬೇಕು, ಕೆಳಗೆ ಕೂತು ಮಾತಾಡಬೇಕು ಎಂದು ಚಿಗವ್ವನಿಗೂ ಹುಡುಗನಿಗೂ ಮೂರು ಸಲ ತಾಲೀಮು ಮಾಡಿಸಿ ಬಂದೆ.

ಮೊದಲ ಸಂಜೆ ನಾವೆಲ್ಲ ಅವ್ವನ ಸುತ್ತ ಕೂತೆವು.

"ಕೇಳಸ್ತೈತೇನ?"

"ಕೇಳಸ್ತೈತಿ. ನಿನಗ?"

"ನನಗೂ ಕೇಳಸ್ತೈತಿ."

ಕಟ್ ಆಗಲಿಲ್ಲ. ಅವ್ವ ಫೋನನ್ನು ದೂರ ಹಿಡಿದು ನೋಡಿದಳು.

"ಎಲ್ಲಾ ಕೇಳಸ್ತೈತೇನ?"

"ಎಲ್ಲಾ ಕೇಳಸ್ತೈತಿ."

ಆಮೇಲೆ ಇಬ್ಬರೂ ಸುಮ್ಮನಾದರು. ಹದಿನೈದು ವರ್ಷ ಅರ್ಧಕ್ಕೆ ಹರಿದ ಮಾತು ಎಲ್ಲಿಂದ ಮುಂದುವರಿಸಬೇಕೋ ಇಬ್ಬರಿಗೂ ತಿಳಿಯದು. "ಮತ್ತ?" ಎಂದಳು ಅವ್ವ. "ಮತ್ತೇನಿಲ್ಲ" ಎಂದಳು ಚಿಗವ್ವ. "ಇಡ್ಲ್ಯಾ?" "ಇಡು." ಸೊಸೆ ಮುಖ ತಿರುಗಿಸಿ ನಕ್ಕಳು. ನಾನು ನೋಟ್‌ಬುಕ್ ಮುಚ್ಚಿದೆ. ಮೂರು ಸಿಮ್ಮಿನ ಖರ್ಚು, ಬಸ್ಸು, ರೈಲು, ಕರದಂಟು ಎಲ್ಲ ಕೂಡಿಸಿ ಒಂದು "ಮತ್ತೇನಿಲ್ಲ"ಕ್ಕೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿ, ಹೆಂಡತಿಗೆ ಹೇಳದೆ ಉಳಿದೆ.

ಹದಿನೈದು ದಿನ ನಾನು ಆ ಕಡೆ ಲಕ್ಷ್ಯ ಕೊಡಲಿಲ್ಲ. ಮೊನ್ನೆ ಸಂಜೆ ದೀಪ ಹಚ್ಚಿ ಆಗಿತ್ತು. ಜಗಲಿಯ ಮೇಲೆ ಫೋನು ಇರಲಿಲ್ಲ, "ಆರಾಮ ಅದಾಳ" ಎಂಬ ವರದಿಯೂ ಬರಲಿಲ್ಲ. ಅಡುಗೆಮನೆಗೆ ಹೋದೆ. ಅವ್ವ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು. ತಲೆಯ ಪಕ್ಕದ ಮಾಡದಲ್ಲಿ ಫೋನು, ಸ್ಪೀಕರ್ ಹಚ್ಚಿದೆ, ಪರದೆಯ ಮೇಲೆ ನಲವತ್ತೆರಡು ನಿಮಿಷ ಆಗಿದೆ. ಯಾರೂ ಮಾತಾಡುತ್ತಿಲ್ಲ.

"ಲೈನ್ ಹೋಗೈತೇನವ್ವಾ?"

"ಶ್!"

ನಾನೂ ಕಿವಿಗೊಟ್ಟೆ. ಟಪ್, ಟಪ್, ಟಪ್, ಟಪ್. ನಡುವೆ ಹಂಚಿನ ಮೇಲೆ ನೀರು ಸವರಿದ ಚುಂಯ್ ಸದ್ದು. ಮತ್ತೆ ಟಪ್, ಟಪ್. ಅವ್ವ ಒಂದೊಂದೇ ಬೆರಳು ಮಡಚುತ್ತಿದ್ದಳು.

"ಐದನೇದು" ಎಂದಳು, ಮೆಲ್ಲಗೆ, ಗೋಡೆಯ ಆಚೆಯವರಿಗೆ ಕೇಳಬಾರದೆಂಬಂತೆ. "ಆಕೀಗೆ ಎರಡ ಸಾಕಾಗ್ತಾವ. ಯಾರೋ ಬಂದಾರ ಅವರ ಮನೀಗೆ."